ಪೋಪ್ ಒಂದು ಹೇಳ್ತಾರ, ಬಿಷಪ್ಪರು ಸುತ್ತೋಲೆ ಕಳಿಸ್ತಾರ: ಆ ಸುತ್ತೋಲೆ ಓದೋದು ಹೆಂಗ?

ಸುತ್ತೋಲೆ ಮಾಸ್ತರ · ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಾನು ನಿವೃತ್ತ ಕನ್ನಡ ಮಾಸ್ತರ. ಹನ್ನೊಂದು ವರ್ಷ ಕ್ಯಾಥೊಲಿಕ್ ಧರ್ಮಾಧ್ಯಕ್ಷರ (ಬಿಷಪ್ಪರ) ಇಂಗ್ಲಿಷ್ ಸುತ್ತೋಲೆಗಳನ್ನು ಕನ್ನಡಕ್ಕೆ ತಿರುಗಿಸಿಕೊಟ್ಟಿದ್ದೇನೆ. ಯಾವ ಧರ್ಮಕ್ಷೇತ್ರದ್ದು, ಅಂದರೆ ಯಾವ ಬಿಷಪ್ಪರ ಆಡಳಿತದ ಪ್ರದೇಶದ್ದು, ಎಂದು ಕೇಳಬೇಡಿ. ಒಂದೇ ಕಡೆಯದಲ್ಲ, ಮತ್ತು ಅವರ್ಯಾರೂ ನನಗೆ ಕೆಟ್ಟದ್ದು ಮಾಡಿದವರಲ್ಲ.

2023ರ ಡಿಸೆಂಬರ್ 18ರಂದು ವ್ಯಾಟಿಕನ್ನಿನ ಬೋಧನಾ ಕಚೇರಿಯಿಂದ ಆಶೀರ್ವಾದಗಳ ಕುರಿತ ‘ಫಿಡೂಚಿಯಾ ಸುಪ್ಲಿಕಾನ್ಸ್’ ಎಂಬ ದಾಖಲೆ ಹೊರಬಿತ್ತು. ನಾಲ್ಕು ದಿನ ಬಿಟ್ಟು ನಾವು ಗುಡಿಯ ಹಿಂದೆ ಕ್ರಿಸ್‌ಮಸ್ ಗೋದಲಿಗೆ ಕಣಿಕಿ ಕಟ್ಟುತ್ತ ಕೂತಿದ್ದೆವು. ಪಕ್ಕದಲ್ಲಿ ಹಗ್ಗ ಹಿಡಿದಿದ್ದ ಹುಡುಗ ತಲೆ ಎತ್ತದೆ ಕೇಳಿದ: ‘ಮಾಸ್ತರ, ಪೋಪ್ ಅವರು ಗಂಡು-ಗಂಡು ಮದಿವಿಗಿ ಒಪ್ಪಿಗಿ ಕೊಟ್ಟಾರಂತ ವಾಟ್ಸಾಪಿನ್ಯಾಗ ಬಂದದ, ಖರೆನಾ?’ ನಾನು ‘ಪೂರಾ ಓದಿಲ್ಲ ತಮ್ಮಾ’ ಎಂದೆ. ಓದಿದ್ದೆ. ಅವತ್ತು ಮುಂಜಾನೆಯೇ ಎರಡು ಸಲ ಓದಿದ್ದೆ.

ಮದುವೆಗೆ ಒಪ್ಪಿಗೆ ಕೊಟ್ಟಿರಲಿಲ್ಲ. ಮದುವೆ ಎಂದರೆ ಗಂಡು-ಹೆಣ್ಣಿನದೇ ಎಂಬ ಬೋಧನೆ ಇದ್ದಲ್ಲೇ ಇತ್ತು. ಸಲಿಂಗ ಜೋಡಿ ಅಥವಾ ಸಭೆಯ, ಅಂದರೆ ಚರ್ಚಿನ, ಲೆಕ್ಕದಲ್ಲಿ ಮದುವೆ ಸರಿಯಾಗದ ಜೋಡಿ ಗುರುಗಳ (ಪಾದ್ರಿಗಳ) ಹತ್ತಿರ ಬಂದು ‘ಹರಸಿರಿ’ ಎಂದರೆ, ಪೂಜಾವಿಧಿ ಇಲ್ಲದೆ, ಪುಸ್ತಕ ತೆರೆಯದೆ, ಮದುವೆಯ ಉಡುಪು-ಸಂಜ್ಞೆ-ಮಾತುಗಳ ಸೋಂಕಿಲ್ಲದೆ ಹರಸಬಹುದು ಎಂದಷ್ಟೇ ಇತ್ತು. ಜನವರಿ 4ಕ್ಕೆ ಅದೇ ಕಚೇರಿ ಮತ್ತೊಂದು ಟಿಪ್ಪಣಿ ಹೊರಡಿಸಿ, ಇದು ಹತ್ತು-ಹದಿನೈದು ಸೆಕೆಂಡಿನ ಕೆಲಸ ಎಂದಿತು. ಹದಿನೈದು ಸೆಕೆಂಡಿನ ಪ್ರಾರ್ಥನೆಗೆ ಪುಟಗಟ್ಟಲೆ ವಿವರಣೆ!

ನನಗೆ ಮೊದಲು ತಟ್ಟಿದ್ದು ಭಾಷೆಯ ತೊಡಕು. ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ ಏನು ಅಚ್ಚಾಗಿರುತ್ತದೆ? ‘ಬಂದು ವಧೂವರರನ್ನು ಆಶೀರ್ವದಿಸಬೇಕಾಗಿ ವಿನಂತಿ.’ ಜೋಡಿ ಎಂಬ ಪದದ ಪಕ್ಕ ಆಶೀರ್ವಾದ ಎಂಬ ಪದ ಬಂತೆಂದರೆ ಕಲಬುರಗಿಯ ಯಾವ ಮನುಷ್ಯನ ಕಿವಿಗೂ ಅಕ್ಕಿಕಾಳು ಬಿದ್ದ ಸಪ್ಪಳ ಕೇಳುತ್ತದೆ. ರೋಮಿನವರು ‘ಜೋಡಿಯನ್ನು ಹರಸುತ್ತೇವೆ, ಅವರ ಸಂಬಂಧವನ್ನಲ್ಲ’ ಎಂದು ಕೂದಲು ಸೀಳಿದ್ದರು. ಆ ಸೀಳಿದ ಕೂದಲನ್ನು ಕನ್ನಡದಲ್ಲಿ ಹಿಡಿಯುವುದು ಹೇಗೆ? ನಾನು ಉಪದೇಶಿಗಳ ಸಭೆಗೆಂದು ಮಾಡಿದ ಟಿಪ್ಪಣಿಯಲ್ಲಿ ‘ಆಶೀರ್ವಾದ’ ತೆಗೆದು ‘ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವುದು’ ಎಂದು ಬರೆದೆ. ಅದು ಸರಿಯೋ, ಅಥವಾ ನಾನೂ ಜಾರಿಕೊಂಡೆನೋ, ಇನ್ನೂ ತಿಳಿದಿಲ್ಲ.

ಸುತ್ತೋಲೆ ಓದುವಾಗ ಕ್ರಿಯಾಪದ ನೋಡಬೇಕು, ಇದು ನನ್ನ ಅನುಭವ. ‘ಸ್ವಾಗತಿಸುತ್ತೇವೆ’ ಎಂದಿದ್ದರೆ ಮನಸ್ಸಿಗೆ ಬಂದಿದೆ. ‘ಸ್ವೀಕರಿಸಿದ್ದೇವೆ’ ಎಂದಿದ್ದರೆ ಟಪಾಲು ಬಂದಿದೆ, ಅಷ್ಟೇ. ‘ಗೌರವಪೂರ್ವಕವಾಗಿ ಅಧ್ಯಯನ ಮಾಡುತ್ತಿದ್ದೇವೆ’ ಎಂದರೆ ಈ ವರ್ಷ ಏನೂ ಆಗುವುದಿಲ್ಲ. ‘ನಮ್ಮ ಸಾಂಸ್ಕೃತಿಕ ಸಂದರ್ಭದಲ್ಲಿ ವಿವೇಚಿಸಬೇಕಾಗಿದೆ’ ಎಂದರೆ ಇಲ್ಲ, ಆದರೆ ನಮ್ಮ ಬಾಯಿಂದ ಇಲ್ಲ ಅನ್ನಿಸಬೇಡಿ.

ಒಮ್ಮೆ ಬೇರೆ ಯಾವುದೋ ವಿಷಯದ ಪತ್ರದಲ್ಲಿ ನಾನು ‘ಮಾಡಬಾರದು’ ಎಂದು ಬರೆದಿದ್ದೆ. ಕಚೇರಿಯ ಗುರುಗಳು ಕೆಂಪು ಪೆನ್ನಿನಿಂದ ಹೊಡೆದು ‘ಮಾಡುವುದು ಉಚಿತವಲ್ಲ’ ಎಂದು ತಿದ್ದಿದರು. ಏನು ವ್ಯತ್ಯಾಸ ಫಾದರ್ ಎಂದೆ. ‘ಮಾಡಬಾರದು ಅಂತ ಬರದ್ರ ನಾಳೆ ಮಾಡಿದವನನ್ನ ಕರದು ಕೇಳಬೇಕಾಗ್ತದ ಮಾಸ್ತರ. ಉಚಿತವಲ್ಲ ಅಂದ್ರ ಕೇಳೋ ಜರೂರತ್ತಿಲ್ಲ’ ಎಂದರು.

ನೀವು ಇಂಥ ಪತ್ರಗಳನ್ನು ಹೇಗೆ ಓದುತ್ತೀರಿ? ಇದು ಜಾಣತನವೋ, ಜವಾಬ್ದಾರಿಯೋ, ಬರೀ ಅಂಜಿಕೆಯೋ?

ವಾಡಿ ಜಂಕ್ಷನ್

ಮಾಸ್ತರ, ನಾ ಸಿದಾ ಹೇಳ್ತೀನಿ. ಅಂಜಿಕಿ. ನಮ್ಮ ರೈಲ್ವೇದಾಗ ಸಿಗ್ನಲ್ ಕೆಂಪಿರಬೇಕು ಇಲ್ಲ ಹಸಿರಿರಬೇಕು. ಹಳದಿ ಅಂದ್ರ ಹುಷಾರಾಗಿ ಬಾ, ಮುಂದಿನ ಸಿಗ್ನಲ್‌ನ್ಯಾಗ ನಿಂದ್ರಬೇಕಾಗಬಹುದು ಅಂತ ಅರ್ಥ. ಈ ಬಿಷಪ್ಪರು ಹಳದಿ ಹಾಕಿ ಮನಿಗಿ ಹೋಗಿಬಿಡ್ತಾರ, ಮುಂದಿನ ಸಿಗ್ನಲ್ಲೇ ಇರಂಗಿಲ್ಲ.

ಇನ್ನೊಂದು. 2021ರ ಮಾರ್ಚ್‌ದಾಗ ಇದೇ ರೋಮಿನ ಕಚೇರಿ ‘ಇಂಥ ಸಂಬಂಧಕ್ಕ ಆಶೀರ್ವಾದ ಮಾಡಾಕ ಸಭೆಗಿ ಅಧಿಕಾರ ಇಲ್ಲ’ ಅಂದಿತ್ತು. ಮೂರು ವರ್ಷ ತುಂಬೋದ್ರೊಳಗ ‘ಸಂಬಂಧಕ್ಕಲ್ಲ, ಜೋಡಿಗಿ’ ಅಂತು. ಹಿಂಗ ಆದ್ರ ಪುಲ್ಪಿಟ್ ಹತ್ತೋ ಫಾದರ್ ಏನ್ ಹೇಳಬೇಕ್ರಿ? ನಮ್ಮವ್ವ ಎಂಬತ್ತು ವರ್ಷದಾಕಿ, ಜಪಸರ ಬಿಟ್ರ ಏನೂ ಗೊತ್ತಿಲ್ಲ. ಆಕಿಗಿ ನಾ ಏನ್ ತಿಳಿಸಲಿ?

ಕೋರ್ಟ್ ರೋಡ್ ವಕೀಲ · ಕಲಬುರಗಿ

ವಾಡಿಯವರ ಸಿಟ್ಟು ಅರ್ಥ ಆಗುತ್ತದೆ. ಆದರೆ ಬಿಷಪ್ ಯಾರು ಎಂಬುದರಲ್ಲೇ ಗಂಟು ಇದೆ, ಅದನ್ನು ಮೊದಲು ಬಿಚ್ಚಬೇಕು.

ಜಗತ್ತಿನ ಬಿಷಪ್ಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಪರಿಷತ್ತು 1964ರಲ್ಲಿ ಸಭೆಯ ಕುರಿತು ಹೊರಡಿಸಿದ ದಸ್ತಾವೇಜಿನಲ್ಲಿ ಸ್ಪಷ್ಟವಾಗಿದೆ: ಬಿಷಪ್ಪರನ್ನು ಪೋಪರ ಪ್ರತಿನಿಧಿಗಳೆಂದು ತಿಳಿಯಬಾರದು. ಅಂದರೆ ಅವರು ಬ್ಯಾಂಕಿನ ಬ್ರಾಂಚ್ ಮ್ಯಾನೇಜರ್ ಅಲ್ಲ. ತಮ್ಮ ಧರ್ಮಕ್ಷೇತ್ರದಲ್ಲಿ ಅವರ ಅಧಿಕಾರ ಅವರದೇ. ಆದರೆ ನೇಮಕ ಮಾಡುವವರು ಪೋಪ್. ಐದು ವರ್ಷಕ್ಕೊಮ್ಮೆ ವರದಿ ಹೋಗಬೇಕು ರೋಮಿಗೆ. 75 ತುಂಬಿದಾಗ ರಾಜೀನಾಮೆ ಪತ್ರವೂ ಅಲ್ಲಿಗೇ. ಇತ್ತ ಕೈಕೆಳಗಿನ ಗುರುಗಳಲ್ಲಿ ಅರ್ಧ ಜನ ಒಂದು ಬಣ್ಣ, ಅರ್ಧ ಜನ ಮತ್ತೊಂದು. ಎದುರಿಗೆ ಜನ. ಹೀಗೆ ಮೂರು ಕಡೆಯ ಜಗ್ಗಾಟದಲ್ಲಿ ನಿಂತವರು ವಕೀಲರಾಗಿದ್ದರೂ ‘ಮುಂದಿನ ತಾರೀಖು ಕೊಡಿ ಸ್ವಾಮಿ’ ಎನ್ನುತ್ತಿದ್ದರು. ನಾನು ವಾರಕ್ಕೆ ಹತ್ತು ಸಲ ಅನ್ನುತ್ತೇನೆ.

1983ರ ಧರ್ಮಸಂಹಿತೆಯ 752ನೇ ಕಾನೂನು ನೋಡಿ. ಕೊನೆಯ ತೀರ್ಪೆಂದು ಘೋಷಿಸದ ಬೋಧನೆಗೂ ವಿಶ್ವಾಸಿಗಳು ‘ಒಬ್ಸೇಕ್ವಿಯುಮ್’ ತೋರಬೇಕು ಎನ್ನುತ್ತದೆ. ಈ ಲ್ಯಾಟಿನ್ ಪದಕ್ಕೆ ‘ಅಧೀನತೆ’ ಎಂದೂ ಅರ್ಥ ಮಾಡಿದವರಿದ್ದಾರೆ, ‘ಗೌರವ’ ಎಂದೂ ಮಾಡಿದವರಿದ್ದಾರೆ. ಎರಡರ ನಡುವೆ ಎತ್ತಿನಗಾಡಿ ಹೋಗುವಷ್ಟು ಜಾಗ ಇದೆ, ಬಿಷಪ್ಪರ ರಾಜತಾಂತ್ರಿಕತೆ ಪೂರಾ ಆ ದಾರಿಯಲ್ಲೇ ಓಡಾಡುವುದು. ಮಾಸ್ತರರೇ, ಕನ್ನಡದಲ್ಲಿ ನೀವು ಅದಕ್ಕೆ ಏನು ಬರೆಯುತ್ತಿದ್ದಿರಿ?

ಸುತ್ತೋಲೆ ಮಾಸ್ತರ · ಕಲಬುರಗಿ

ವಕೀಲ ಸಾಹೇಬರೇ, ‘ವಿಧೇಯತೆ’ ಎಂದು ಬರೆಯುತ್ತಿದ್ದೆ. ಕನ್ನಡಿಗರಿಗೆ ಅದರಲ್ಲಿ ಕಷ್ಟವಿಲ್ಲ. ರಜೆ ಅರ್ಜಿಯ ಕೆಳಗೆ ‘ತಮ್ಮ ವಿಧೇಯ ವಿದ್ಯಾರ್ಥಿ’ ಎಂದು ಬರೆದು, ಮಧ್ಯಾಹ್ನ ಸಿನಿಮಾಕ್ಕೆ ಹೋದವರೇ ನಾವೆಲ್ಲ.

ಆಫ್ರಿಕಾದ ಪ್ರಸಂಗ ಹೇಳಿಬಿಡುತ್ತೇನೆ, ಯಾಕೆಂದರೆ ಇಡೀ ಗಲಾಟೆಯಲ್ಲಿ ಅತ್ಯಂತ ನುರಿತ ಕೈ ಕಂಡದ್ದು ಅಲ್ಲೇ. ಕಝಾಕಿಸ್ತಾನದ ಅಸ್ತಾನಾದಲ್ಲಿ ಮಹಾಧರ್ಮಾಧ್ಯಕ್ಷ ಪೇಟಾ ಮತ್ತು ಸಹಾಯಕ ಬಿಷಪ್ ಶ್ನೈಡರ್ ದಾಖಲೆ ಬಂದ ಬೆನ್ನಿಗೇ ‘ನಮ್ಮಲ್ಲಿ ನಿಷೇಧ’ ಎಂದು ನೇರವಾಗಿ ಬರೆದರು. ವಾಡಿಯವರಿಗೆ ಬೇಕಾದ ಕೆಂಪು ಸಿಗ್ನಲ್ ಅದು. ಆಫ್ರಿಕಾ ಬಿಷಪ್ಪರ ಒಕ್ಕೂಟದ ಅಧ್ಯಕ್ಷರಾಗಿದ್ದ, ಕಾಂಗೋದ ಕಿನ್ಶಾಸಾದ ಕಾರ್ಡಿನಲ್ (ಪೋಪರ ನಂತರದ ದರ್ಜೆಯ ಧರ್ಮಗುರು) ಅಂಬೋಂಗೊ ಹಾಗೆ ಮಾಡಲಿಲ್ಲ. ಆಫ್ರಿಕಾದ ದೇಶ-ದೇಶದ ಬಿಷಪ್ಪರ ಅಭಿಪ್ರಾಯ ತರಿಸಿಕೊಂಡರು, ರೋಮಿಗೆ ಹೋದರು, ಪೋಪರಿಗೆ ಒಪ್ಪಿಸಿದರು, ದಾಖಲೆ ಬರೆದ ಕಚೇರಿಯ ಮುಖ್ಯಸ್ಥ ಕಾರ್ಡಿನಲ್ ಫರ್ನಾಂಡೆಸ್ ಅವರ ಜೊತೆಗೇ ಕೂತು ಪತ್ರ ಸಿದ್ಧ ಮಾಡಿದರು. ಅದು 2024ರ ಜನವರಿ 11ರಂದು ಹೊರಬಿತ್ತು. ಆಫ್ರಿಕಾದಲ್ಲಿ ಸಲಿಂಗ ಜೋಡಿಗಳನ್ನು ಆಶೀರ್ವದಿಸುವುದು ‘ಉಚಿತವೆಂದು ನಾವು ಭಾವಿಸುವುದಿಲ್ಲ’ ಎಂಬುದು ತಾತ್ಪರ್ಯ. ಅದೇ ಪತ್ರದಲ್ಲಿ ಪೋಪರೊಂದಿಗೆ ನಮ್ಮ ಐಕ್ಯ ಅಚಲ ಎಂದೂ ಇದೆ.

ಓದಿದಾಗ ನನಗೆ ಕೆಂಪು ಪೆನ್ನಿನ ಫಾದರ್ ನೆನಪಾದರು. ಉಚಿತವಲ್ಲ!

ಯಾರ ಆದೇಶವನ್ನು ನಿಲ್ಲಿಸಬೇಕೋ ಅವರ ಟೇಬಲ್ಲಿನ ಮೇಲೇ ನಿಲುಗಡೆ ಪತ್ರ ಬರೆಸಿಕೊಂಡು ಬರುವುದು ಸಣ್ಣ ಕೆಲಸವಲ್ಲ. ರೋಮ್ ಸೋಲಲಿಲ್ಲ, ಆಫ್ರಿಕಾ ಮಣಿಯಲಿಲ್ಲ. ಜನವರಿ 4ರ ಟಿಪ್ಪಣಿಯಲ್ಲೇ ಇದಕ್ಕೆ ಕಿಟಕಿ ಬಿಟ್ಟಿದ್ದರು: ಸ್ಥಳೀಯ ಸಂಸ್ಕೃತಿ ನೋಡಿ ಬೇರೆ ಬೇರೆ ರೀತಿ ಜಾರಿ ಮಾಡಬಹುದು, ಆದರೆ ಪೂರ್ತಿ ಅಥವಾ ಕಾಯಂ ಬಾಗಿಲು ಹಾಕುವಂತಿಲ್ಲ ಎಂದು. ಉತ್ತರ ಆಫ್ರಿಕಾದ ಬಿಷಪ್ಪರು ಕೆಲವೇ ದಿನಗಳಲ್ಲಿ, ನಮ್ಮಲ್ಲಿ ಗೊಂದಲ ಹುಟ್ಟದ ರೀತಿಯಲ್ಲಿ ಹರಸಬಹುದು ಎಂಬ ಧಾಟಿಯಲ್ಲಿ ಮಾತಾಡಿದರು. ಒಂದೇ ಖಂಡ!

ನನಗೆ ಮೆಚ್ಚುಗೆಯಾಯಿತು. ಮೆಚ್ಚಿದ ಮೇಲೆ ಕಸಿವಿಸಿಯೂ ಆಯಿತು. ಅಲ್ಲಿ ಕೆಲವು ದೇಶಗಳಲ್ಲಿ ಸಲಿಂಗಿಯಾಗಿರುವುದಕ್ಕೆ ಜೈಲಿದೆ. ಪತ್ರದ ಕುಸುರಿಯಿಂದ ಆ ಜೈಲಿನ ಬಾಗಿಲಿಗೆ ಏನಾಯಿತು?

ಬೀದರ ಮೆಥಡಿಸ್ಟ್

ಮಾಸ್ತರ್ ಅವ್ರೇ, ವಕೀಲ್ ಸಾಬ್ರೇ, ನಡುವೆ ಬಾಯಿ ಹಾಕ್ತೀನಿ, ತಪ್ಪು ತಿಳೀಬ್ಯಾಡ್ರಿ. ನಾವು ಬೀದರದವರು ಮೂರು ತಲಿಯಿಂದ ಮೆಥಡಿಸ್ಟ್. ನಮ್ಮಲ್ಲಿ ಬಿಷಪ್ಪರನ್ನ ವೋಟ್ ಹಾಕಿ ಆರಿಸ್ತಾರ. ವಾದ ಅದ, ಜಗಳ ಅದ, ಕೋರ್ಟಿಗೂ ಹೋಗ್ತಾರ, ಮುಚ್ಚುಮರೆ ಇಲ್ಲ. ಅಮೆರಿಕದ ಯುನೈಟೆಡ್ ಮೆಥಡಿಸ್ಟರು ಈ ಸಲಿಂಗದ ವಿಷಯಕ್ಕ ಸಾವಿರಾರು ಸಭೆ ಕಳಕೊಂಡ್ರು, ಕಡೀಕ 2024ರಾಗ ವೋಟ್ ಹಾಕಿ ನಿಷೇಧ ತೆಗದ್ರು. ನಾವು 1981ರಿಂದ ಸ್ವತಂತ್ರ ಅದೀವಿ, ಅವರ ಠರಾವು ನಮಗ ತಾಕಂಗಿಲ್ಲ. ಆದ್ರ ಯಾರು ಏನಂದ್ರು, ಎಷ್ಟು ಮತ ಅಂತ ಎಲ್ಲರಿಗೂ ಗೊತ್ತಾಯ್ತು. ನಿಮ್ಮಲ್ಲಿ ವೋಟೇ ಇಲ್ಲೇನು?

ಕೋರ್ಟ್ ರೋಡ್ ವಕೀಲ · ಕಲಬುರಗಿ

ಇದೆ ತಮ್ಮಾ. ಬಿಷಪ್ಪರ ಸಮ್ಮೇಳನಗಳು ಮತ ಹಾಕುತ್ತವೆ. ಆದರೆ ಮತ ಹಾಕಿ ಬೋಧನೆ ಬದಲಿಸಲಾಗದು, ಬೋಧನೆಯ ಬಗ್ಗೆ ಯಾವ ದನಿಯಲ್ಲಿ ಮಾತಾಡಬೇಕು ಎಂದಷ್ಟೇ ತೀರ್ಮಾನಿಸಬಹುದು. ನೀನು ಅಮೆರಿಕದ ಮಾತೆತ್ತಿದೆ, ಅಲ್ಲಿಯದೇ ಹೇಳುತ್ತೇನೆ.

2021ರಲ್ಲಿ ಬೈಡನ್ ಅಧ್ಯಕ್ಷರಾದರು. ಕ್ಯಾಥೊಲಿಕ್, ಭಾನುವಾರ ತಪ್ಪದೆ ಪೂಜೆಗೆ ಹೋಗುವವರು, ಗರ್ಭಪಾತದ ಹಕ್ಕಿನ ಪರ. ಅಂಥವರಿಗೆ ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಕೊಡಬೇಕೋ ಬೇಡವೋ ಎಂದು ಬಿಷಪ್ಪರಲ್ಲಿ ಎರಡು ಪಾಳಯ. ಮೇ ತಿಂಗಳಲ್ಲಿ ರೋಮಿನಿಂದ ಕಾರ್ಡಿನಲ್ ಲದಾರಿಯಾ ಪತ್ರ ಬರೆದರು: ಅವಸರ ಬೇಡ, ಮೊದಲು ನಿಮ್ಮ-ನಿಮ್ಮಲ್ಲಿ ಮಾತಾಡಿಕೊಳ್ಳಿ, ಒಡಕು ಹೆಚ್ಚಿಸಬೇಡಿ. ಜೂನ್‌ನಲ್ಲಿ ದಾಖಲೆ ಸಿದ್ಧಪಡಿಸಲು 168 ಮತ, ಬೇಡವೆಂದು 55. ಮನೆ ಒಡೆದಿದೆ ಎಂದು ಜಗತ್ತಿಗೇ ಕಾಣಿಸಿತು. ನವೆಂಬರ್‌ನಲ್ಲಿ ಅಂತಿಮ ದಾಖಲೆ ಬಂದಾಗ ಪರವಾಗಿ 222, ವಿರುದ್ಧ 8. ಐದು ತಿಂಗಳಲ್ಲಿ ಇಂಥ ಒಮ್ಮತ ಹೇಗೆ ಬಂತು? ದಾಖಲೆಯಲ್ಲಿ ಬೈಡನ್ ಹೆಸರಿಲ್ಲ. ಯಾವ ರಾಜಕಾರಣಿಯ ಹೆಸರೂ ಇಲ್ಲ. ಪರಮಪ್ರಸಾದದ ಮಹಿಮೆಯ ಬಗ್ಗೆ ಪುಟಗಟ್ಟಲೆ ಇದೆ, ಅದನ್ನು ವಿರೋಧಿಸುವವರು ಯಾರು? ಜಗಳಕ್ಕೆ ಕಾರಣವಾದ ಪ್ರಶ್ನೆ ಮಾತ್ರ ಆಯಾ ಬಿಷಪ್ಪರ ಊರಿಗೆ ವಾಪಸ್ ಹೋಯಿತು.

ನಮ್ಮ ಕೋರ್ಟಿನಲ್ಲಿ ಇದಕ್ಕೆ ರಾಜಿ ಡಿಕ್ರಿ ಎನ್ನುತ್ತೇವೆ. ಇಬ್ಬರೂ ಸಹಿ ಹಾಕುತ್ತಾರೆ, ಹೊಲದ ಬದು ಇದ್ದಲ್ಲೇ ಇರುತ್ತದೆ.

ಯಾದಗಿರಿ ಸಿಸ್ಟರಮ್ಮ

ಸಿಸ್ಟರಮ್ಮ ಅಂದ್ರ ಕನ್ಯಾಸ್ತ್ರೀ ಅಲ್ರಿ, ಇಪ್ಪತ್ತೆಂಟು ವರ್ಷ ನರ್ಸ್ ಆಗಿದ್ದಕ್ಕ ಮಂದಿ ಇಟ್ಟ ಹೆಸರು.

ನೀವೆಲ್ಲ ಗಂಡಸರು 2023ರಿಂದ ಸುರು ಮಾಡೀರಿ. ಈ ಸುತ್ತೋಲಿ ಆಟ ಹೆಣ್ಣುಮಕ್ಕಳಿಗಿ 1968ರಿಂದ ಗೊತ್ತದ. ಆ ವರ್ಷ ಜುಲೈ 25ಕ್ಕ ಪೋಪ್ ಆರನೇ ಪೌಲರು ‘ಹ್ಯುಮಾನೇ ವೀತೇ’ ಅನ್ನೋ ವಿಶ್ವಪತ್ರ (ಇಡೀ ಸಭೆಗಿ ಪೋಪ್ ಬರಿಯೋ ಪತ್ರ) ಬರದ್ರು. ಮಕ್ಕಳಾಗದಂಗ ಗುಳಿಗಿ, ಆಪರೇಶನ್, ಯಾವ ಕೃತಕ ಉಪಾಯಾನೂ ನಡ್ಯಂಗಿಲ್ಲ ಅಂತ. ಹಿಂದಿನ ಪೋಪ್ ಕೂಡಿಸಿ, ಇವರು ದೊಡ್ಡದು ಮಾಡಿದ್ದ ಆಯೋಗದಾಗ ಹೆಚ್ಚಿನವರು ಬದಲಾಯಿಸಬಹುದು ಅಂದಿದ್ರು. ಪೋಪ್ ಕೇಳಲಿಲ್ಲ. ಆಮ್ಯಾಲ ಹತ್ತು ವರ್ಷ ಬದುಕಿದ್ರು, ಮತ್ತೊಂದು ವಿಶ್ವಪತ್ರ ಬರೀಲಿಲ್ಲ.

ಬಿಷಪ್ಪರ ಜಾಣತನ ನೋಡಬೇಕಂದ್ರ ಆ ವರ್ಷದ್ದು ನೋಡ್ರಿ. ಜರ್ಮನಿಯವರು ಆಗಸ್ಟ್ ಕಡೀಕ ಕ್ಯೋನಿಗ್‌ಸ್ಟೈನ್‌ದಾಗ ಕೂತು ಹೇಳಿಕಿ ಕೊಟ್ರು, ಕೆನಡಾದವರು ಸೆಪ್ಟೆಂಬರ್‌ದಾಗ ವಿನ್ನಿಪೆಗ್‌ದಾಗ. ಪೋಪ್ ತಪ್ಪು ಅಂತ ಯಾರೂ ಅನ್ನಲಿಲ್ಲ. ಬೋಧನೆಗಿ ಕೈ ಮುಗದ್ರು, ಆದ್ರ ಖರೇನೇ ಪ್ರಯತ್ನ ಮಾಡಿ, ಮನಸಾಕ್ಷಿಗಿ ಕೇಳಿ, ಬ್ಯಾರೆ ದಾರಿ ಹಿಡದ ಗಂಡ-ಹೆಂಡ್ತಿಗಿ ದೇವರಿಂದ ದೂರಾದ್ವಿ ಅನ್ನೋ ಅಂಜಿಕಿ ಬ್ಯಾಡ ಅನ್ನೋ ಅರ್ಥದಾಗ ಬರದ್ರು. ಅಲ್ಲಿಯ ಹೆಣ್ಣುಮಗಳಿಗಿ ಒಂದು ಉಸುರು ಸಿಕ್ತು. ವಾಷಿಂಗ್ಟನ್ನಿನ ಕಾರ್ಡಿನಲ್ ಒಬಾಯ್ಲ್ ಇದಕ್ಕ ಉಲ್ಟಾ, ಎದುರು ಮಾತಾಡಿದ ಗುರುಗಳ ಮ್ಯಾಲೇ ಶಿಸ್ತುಕ್ರಮ ತಗೊಂಡ್ರು.

ನಮ್ಮ ಕಡಿ? ನಾ ಕಂಡದ್ದು ಹೇಳ್ತೀನಿ. ವಾರ್ಡಿನ್ಯಾಗ ಎರಡು ಹೆರಿಗಿ ಆದ ಮ್ಯಾಲ ಆಪರೇಶನ್‌ಗಿ ಹೆಸರು ಬರಸೋ ಸಾಲಿನ್ಯಾಗ ನಮ್ಮವರೂ ನಿಂತಿರ್ತಾರ, ಉಳದವರೂ ನಿಂತಿರ್ತಾರ. ಕಾಗದಕ್ಕ ಹೆಬ್ಬಟ್ಟು ಒತ್ತೋದು ಎಲ್ಲರದೂ ಒಂದೇ ನೀಲಿ ಶಾಯಿ. ಒಬ್ಬಾಕಿ ಕೊರಳಾಗ ಜಪಸರ ಹಾಕ್ಕೊಂಡು ಬಂದಿದ್ಲು. ಥಿಯೇಟರಿಗಿ ಹೋಗೋ ಮುಂದ ತಗದು ನನ್ನ ಕೈಯಾಗ ಇಟ್ಟು, ‘ಯಕ್ಕಾ, ಇದು ಫಾದರ್‌ಗಿ ಹೇಳಬೇಕೇನು?’ ಅಂದ್ಲು. ನಾ ಏನ್ ಹೇಳಿದೆ ಗೊತ್ತದೇನು? ‘ಅವರು ಕೇಳಿದ್ರ ಹೇಳು.’

ಫಾದರ್ ಕೇಳಲಿಲ್ಲ. ಇಪ್ಪತ್ತೆಂಟು ವರ್ಷದಾಗ ನಾ ಕೇಳಿದ ಪ್ರಬೋಧನೆದಾಗ ಈ ಮಾತು ಒಂದು ಸಲಾನೂ ಬಂದಿಲ್ಲ. ಸುತ್ತೋಲಿ ಇಲ್ಲ, ಕ್ರಿಯಾಪದ ಇಲ್ಲ, ಏನೂ ಇಲ್ಲ. ಮಾಸ್ತರ, ಬಿಷಪ್ಪರ ಸುತ್ತೋಲಿ ಓದೋದು ನೀವು ಕಲಿಸಿದ್ರಿ. ಬರದೇ ಇರೋ ಸುತ್ತೋಲಿ ಓದೋದು ನಮಗ ಗೊತ್ತದ. ಆಕಿ ಆಮ್ಯಾಲ ಆರು ವರ್ಷ ಪರಮಪ್ರಸಾದ ತಗೋಳಿಲ್ಲಂತ, ಯಾರಿಗೂ ಹೇಳದೆ. ಸಾಲಿನ್ಯಾಗ ಕಡೀಕ ನಿಂತು ಕೈಕಟ್ಟಿ ವಾಪಸ್ ಬರ್ತಿದ್ಲು. ನನಗ ಗೊತ್ತಾಗಿದ್ದು ಆಕಿ ಮಗಳ ಲಗ್ನದಾಗ.

ಕೆನಡಾದ ಬಿಷಪ್ಪರ ಎರಡು ಸಾಲು ಕನ್ನಡದಾಗ ಆಕಿ ಕೈಗಿ ಸಿಕ್ಕಿದ್ರ?

ವಾಡಿ ಜಂಕ್ಷನ್

ಅಕ್ಕಾ, ಓದಿ ಸುಮ್ಮ ಕುಂತೆ. ನಾ ಅಂಜಿಕಿ ಅಂದದ್ದು ಬ್ಯಾರೆ ಅರ್ಥದಾಗ. ನನಗ ನಿಷೇಧ ಬೇಕಿತ್ತು. ನಿಮ್ಮದು ಕೇಳಿದ ಮ್ಯಾಲ ಏನ್ ಬೇಕಂತ ಗೊತ್ತಾಗವಲ್ದು.

ಶರಣು ಶಹಾಪುರ

ನಾನು ಲಿಂಗಾಯತ, ನಿಮ್ಮ ಮನೆ ಜಗಳದಲ್ಲಿ ನನಗೇನು ಕೆಲಸ ಎನ್ನಬೇಡಿ. ಓದುತ್ತ ಹೋದಂತೆ ನಮ್ಮ ಸ್ವಾಮಿಗಳೇ ಕಣ್ಣ ಮುಂದೆ ಬಂದರು. 2018ರ ಮಾರ್ಚ್‌ನಲ್ಲಿ ಪ್ರತ್ಯೇಕ ಧರ್ಮದ ಶಿಫಾರಸು ಹೋದಾಗ ಕೆಲವು ಮಠದವರು ಬೀದಿಗಿಳಿದು ಬೇಕು ಎಂದರು, ಕೆಲವರು ಬೇಡ ಎಂದರು. ಉಳಿದ ಎಷ್ಟೋ ಜನ ‘ಬಸವಣ್ಣನವರ ತತ್ವ ಎಲ್ಲರಿಗೂ ಬೇಕು’ ಎಂದು ಹೇಳಿ ಪ್ರಸಾದಕ್ಕೆ ಎದ್ದರು. ನಾವು ಭಕ್ತರು ಕೈತೊಳೆದುಕೊಳ್ಳುತ್ತ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬುದ್ಧಿಯವರು ಏನಂದಂಗಾಯ್ತು?

ವ್ಯತ್ಯಾಸ ಒಂದಿದೆ. ಮಠದ ಸ್ವಾಮಿಗಳಿಗೆ ಮೇಲೆ ರೋಮ್ ಇಲ್ಲ, ಭಕ್ತರ ಕಾಣಿಕೆ ಇದೆ. ಅವರು ಜಾರುವುದು ಕೆಳಗಿನವರಿಗೆ ಅಂಜಿ. ನಿಮ್ಮವರು ಜಾರುವುದು ಮೇಲಿನವರಿಗೂ ಕೆಳಗಿನವರಿಗೂ ಅಂಜಿ. ಪಾಪ ಎನಿಸಿತು.

ಸುತ್ತೋಲೆ ಮಾಸ್ತರ · ಕಲಬುರಗಿ

ಸಿಸ್ಟರಮ್ಮನವರ ಮಾತಿಗೆ ಎರಡು ದಿನ ಉತ್ತರ ಬರೆಯಲಾಗಲಿಲ್ಲ. ಹನ್ನೊಂದು ವರ್ಷದಲ್ಲಿ ಗರ್ಭನಿರೋಧದ ಬಗ್ಗೆ ಒಂದು ಹಾಳೆಯೂ ನನ್ನ ಮೇಜಿಗೆ ಬಂದಿರಲಿಲ್ಲ. ನಾನು ಅದನ್ನು ಗಮನಿಸಿಯೂ ಇರಲಿಲ್ಲ. ಶಹಾಪುರದವರ ತಕ್ಕಡಿ ಸರಿಯಾಗಿದೆ.

ಒಂದು ಮಾತು ಬಿಷಪ್ಪರ ಪರವಾಗಿ ಹೇಳಲೇಬೇಕು. ಬಾಯಿ ಬಿಡದಿರುವುದನ್ನು ಅವರು ಎಲ್ಲಿಂದ ಕಲಿಯುತ್ತಾರೆ? 2016ರಲ್ಲಿ ಪೋಪ್ ಫ್ರಾನ್ಸಿಸ್ ಕುಟುಂಬದ ಕುರಿತು ‘ಅಮೋರಿಸ್ ಲೇತಿತ್ಸಿಯಾ’ ಬರೆದರು. ವಿಚ್ಛೇದನವಾಗಿ ಮರುಮದುವೆಯಾದವರಿಗೆ ಕೆಲವು ಸಂದರ್ಭಗಳಲ್ಲಿ ಸಂಸ್ಕಾರಗಳ ನೆರವು ಸಿಗಬಹುದು ಎಂಬ ಮಾತು ಎಲ್ಲಿತ್ತು ಗೊತ್ತೇ? 351ನೇ ಅಡಿಟಿಪ್ಪಣಿಯಲ್ಲಿ. ಅಡಿಟಿಪ್ಪಣಿ! ಪರೀಕ್ಷೆಗೆ ಯಾರೂ ಓದದ ಜಾಗ. ನಾಲ್ವರು ಕಾರ್ಡಿನಲರು ಐದು ಪ್ರಶ್ನೆ ಕಳಿಸಿ ಹೌದು ಅಥವಾ ಇಲ್ಲ ಎಂದಷ್ಟೇ ಹೇಳಿ ಎಂದರು. ಉತ್ತರ ಬರಲಿಲ್ಲ, ಅವರು ನವೆಂಬರ್‌ನಲ್ಲಿ ಬಹಿರಂಗ ಮಾಡಿದರು, ಆಗಲೂ ಬರಲಿಲ್ಲ. ಆದರೆ ಅಷ್ಟರಲ್ಲಿ ಬ್ಯೂನಸ್ ಐರಿಸ್ ಸುತ್ತಿನ ಬಿಷಪ್ಪರು ತಮ್ಮ ಗುರುಗಳಿಗೆ ಬರೆದ ಮಾರ್ಗಸೂಚಿ ಪೋಪರ ಕೈಸೇರಿ, ‘ಇದಕ್ಕೆ ಬೇರೆ ಅರ್ಥವಿಲ್ಲ’ ಎಂದು ಪೋಪರೇ ಆ ಬಿಷಪ್ಪರಿಗೆ ಬರೆದುಕೊಟ್ಟಿದ್ದರು. ಮಾಲ್ಟಾದ ಬಿಷಪ್ಪರು ಬಾಗಿಲು ಅಗಲ ತೆರೆದರು, ಫಿಲಡೆಲ್ಫಿಯಾದ ಮಹಾಧರ್ಮಾಧ್ಯಕ್ಷ ಶಾಪ್ಯೂ ಅವರು ಹಳೇ ನಿಯಮವೇ ಎಂದರು. ಎಲ್ಲರ ಕೈಯಲ್ಲೂ ಅದೇ ಪುಸ್ತಕ.

ತಂದೆಯೇ ಅಡಿಟಿಪ್ಪಣಿಯಲ್ಲಿ ಮಾತಾಡಿದರೆ ಮಕ್ಕಳು ಮಾರ್ಜಿನ್ನಿನಲ್ಲೇ ಉತ್ತರಿಸುತ್ತಾರೆ.

ವಾಡಿ ಜಂಕ್ಷನ್

ಜಾಣತನ ಕೈಕೊಟ್ಟದ್ದೂ ಅದ ನೋಡ್ರಿ. ಕೇರಳದ ಎರ್ನಾಕುಲಂದಾಗ ಸಿರೋ-ಮಲಬಾರ್ ಅನ್ನೋ ಕ್ಯಾಥೊಲಿಕ್ ಪಂಗಡದವರ ಜಗಳ. ಬೋಧನೆ ಅಲ್ಲ, ಪೂಜಿದಾಗ ಗುರುಗಳು ಮಂದಿ ಕಡಿ ಮುಖ ಮಾಡಬೇಕೋ ಪೀಠದ ಕಡಿ ಮಾಡಬೇಕೋ ಅನ್ನೋದು. ಅರ್ಧ ಇತ್ತ ಅರ್ಧ ಅತ್ತ ಅಂತ 1999ರಾಗ ಠರಾವ್ ಆಗಿತ್ತು, 2021ರ ನವೆಂಬರ್‌ದಿಂದ ಎಲ್ಲ ಕಡಿ ಜಾರಿ ಅಂದ್ರು. ಅಲ್ಲಿಯ ಆರ್ಚ್‌ಬಿಷಪ್ ಕರಿಯಿಲ್ ರೋಮಿಗಿ ಹೋಗಿ ಬಂದು ತಮ್ಮ ಧರ್ಮಕ್ಷೇತ್ರಕ್ಕ ವಿನಾಯಿತಿ ಕೊಟ್ರು. ಗುರುಗಳು ಖುಷ್. ಮ್ಯಾಲಿನವರು ಖುಷ್ ಆಗಲಿಲ್ಲ. 2022ರ ಜುಲೈದಾಗ ಅವರೇ ರಾಜೀನಾಮೆ ಕೊಟ್ಟು ಹೋಗಬೇಕಾಯ್ತು. ಬೆಸಿಲಿಕಾದಾಗ ಹೊಡದಾಟ, ಪೊಲೀಸ್, ಬಾಗಲಕ್ಕ ಬೀಗ.

ನನ್ನ ಸಾಡೂನ ಮನಿ ಅಲ್ಲೇ ಹತ್ರ. ಕ್ರಿಸ್‌ಮಸ್‌ಗಿ ಬೀಗ ಹಾಕಿದ ಗುಡಿ ಮುಂದ ನಿಂತು ಫೋಟೋ ಕಳಿಸಿದ್ದ. ವಕೀಲ್ರು ಹೇಳಿದ ಮೂರು ಕಡೆಯ ಜಗ್ಗಾಟ ಅಂದ್ರ ಅದೇ ಏನ್ರಿ?

ಕೋರ್ಟ್ ರೋಡ್ ವಕೀಲ · ಕಲಬುರಗಿ

ಅದೇ. ಬಿಷಪ್ ಒಂದು ಕಡೆ ಪೂರ್ತಿ ವಾಲಿದರೆ ಏನಾಗುತ್ತದೆ ಎಂಬುದನ್ನು ಉಳಿದ ಬಿಷಪ್ಪರು ನೋಡಿ ಕಲಿಯುತ್ತಾರೆ. ಹಾಗೆಂದು ನಾವು ಬಾಯಿ ಮುಚ್ಚಿಕೊಂಡು ಕೂರಬೇಕಿಲ್ಲ. 212ನೇ ಕಾನೂನಿನ ಮೂರನೇ ಖಂಡ ಓದಿ: ವಿಶ್ವಾಸಿಗಳಿಗೆ ತಮ್ಮ ಅಭಿಪ್ರಾಯವನ್ನು ಧರ್ಮಪಾಲಕರಿಗೆ ತಿಳಿಸುವ ಹಕ್ಕಿದೆ, ಕೆಲವೊಮ್ಮೆ ಅದು ಕರ್ತವ್ಯವೂ ಹೌದು. ಯಾದಗಿರಿ ಅಕ್ಕ ಇಲ್ಲಿ ಬರೆದದ್ದನ್ನು ಒಂದು ಹಾಳೆಯಲ್ಲಿ ಬರೆದು, ಹೆಂಗಸಿನ ಗುರುತು ಬಿಟ್ಟುಕೊಡದೆ, ಬಿಷಪ್ಪರಿಗೆ ಕಳಿಸಬಹುದು. ಬೇಕಿದ್ದರೆ ಕರಡು ನಾನು ಮಾಡಿಕೊಡುತ್ತೇನೆ, ಫೀಸಿಲ್ಲ.

ಯಾದಗಿರಿ ಸಿಸ್ಟರಮ್ಮ

ಕಳಿಸ್ತೀನ್ರಿ. ಕರಡು ಬ್ಯಾಡ, ವಕೀಲರು ಬರದ್ರ ಅದೂ ಸುತ್ತೋಲಿ ಆಗ್ತದ.

ಹೆಸರು ಬ್ಯಾಡ

ಕಣಿಕಿ ಕಟ್ಟುವಾಗ ಕೇಳಿದ ಹುಡುಗ ನಾನಲ್ಲ. ಅಂಥವನೇ. ಯಾವ ಊರು ಅಂತ ಹೇಳಲ್ಲ, ಈ ಮೂರು ಜಿಲ್ಲೆದಾಗಿನದೇ.

ಆಶೀರ್ವಾದ, ಹರಸೋದು, ತಲಿ ಮ್ಯಾಲ ಕೈ, ಎಲ್ಲಾ ಓದಿದೆ. ನನಗ ಜೋಡಿ ಇಲ್ಲ. ಹದಿನೈದು ಸೆಕೆಂಡೂ ಬೇಕಾಗಿಲ್ಲ. ನಾ ಗಾನವೃಂದದಾಗ ಹಾಡ್ತಿದ್ದೆ, ಒಂಬತ್ತು ವರ್ಷ. ಯಾರೋ ಏನೋ ಹೇಳಿದ್ರು, ಹೋದ ವರ್ಷ ಪಾಸ್ಖದ (ಈಸ್ಟರ್) ಮುಂದ ‘ಸ್ವಲ್ಪ ದಿನ ಬಿಡು, ಮಂದಿ ಮಾತಾಡ್ತಾರ’ ಅಂದ್ರು. ಬ್ಯಾಡ ಅಂತ ಅನ್ನಲಿಲ್ಲ. ಸ್ವಲ್ಪ ದಿನ ಅಂದ್ರು. ಮಾಸ್ತರ, ಇದು ಯಾವ ಕ್ರಿಯಾಪದದಾಗ ಬರ್ತದ?

ಈಗ ಭಾನುವಾರ ಕಡೀ ಬೆಂಚಿನ್ಯಾಗ ಕುಂದರ್ತೀನಿ. ಎರಡನೇ ದನಿ ಯಾರೂ ಹಾಡಂಗಿಲ್ಲ, ‘ಪವಿತ್ರರು’ ಹಾಡುವಾಗ ಖಾಲಿ ಅನಸ್ತದ. ಬಾಯೊಳಗ ಹಾಡಿಕೊಳ್ತೀನಿ.

ಸುತ್ತೋಲೆ ಮಾಸ್ತರ · ಕಲಬುರಗಿ

ತಮ್ಮಾ, ಓದಿದೆ. ನಮ್ಮ ಧರ್ಮಕೇಂದ್ರದ ಗಾನವೃಂದ ಸಣ್ಣದು, ಏಳು ಜನ, ಎರಡನೇ ದನಿ ನಮಗೂ ಇಲ್ಲ. ನೀನು ಬಂದರೆ ಅನುಕೂಲವೇ. ನಮ್ಮ ಗುರುಗಳು ಒಳ್ಳೆಯವರು, ಆದರೆ ಹೊಸಬರು. ಪಾಲನಾ ಸಮಿತಿಯಲ್ಲೂ ಒಂದಿಬ್ಬರು ಹಿರಿಯರಿದ್ದಾರೆ. ಸೂಕ್ತ ಸಮಯ ನೋಡಿ, ಎಲ್ಲರ ಜೊತೆ ಮಾತಾಡಿ, ಕೇಳಿ ಹೇಳುತ್ತೇನೆ.

ಯಾದಗಿರಿ ಸಿಸ್ಟರಮ್ಮ

ಮಾಸ್ತರ. ‘ಸೂಕ್ತ ಸಮಯ ನೋಡಿ ಕೇಳಿ ಹೇಳುತ್ತೇನೆ.’ ಮ್ಯಾಲ ಹೋಗಿ ನಿಮ್ಮ ಮೊದಲನೇ ಬರಹ ಮತ್ತೊಮ್ಮಿ ಓದ್ರಿ.

ಸುತ್ತೋಲೆ ಮಾಸ್ತರ · ಕಲಬುರಗಿ

ಓದಿದೆ ಅಕ್ಕಾ.

ತಮ್ಮಾ, ಶನಿವಾರ ಸಂಜಿ ಆರಕ್ಕ ಪ್ರಾಕ್ಟೀಸ್ ಅದ. ಬಾ. ವಿಳಾಸ ಖಾಸಗಿ ಸಂದೇಶದಾಗ ಹಾಕೀನಿ. ಫಾದರ್‌ಗಿ ನಾ ಆಮ್ಯಾಲ ಹೇಳ್ತೀನಿ. ಹಾರ್ಮೋನಿಯಂದ ಎರಡು ಮನಿ ಸಪ್ಪಳ ಬರಂಗಿಲ್ಲ, ಅದೊಂದು ಸಂಭಾಳಿಸಿಕೋಬೇಕು.